ಹೇಸರಗತ್ತೆ ಡಿವಿಷನ್ನಿಗೆ ಬೇಕಾದ ಹೆಣ

ಅಮೆರಿಕದ ಸೈನ್ಯದಲ್ಲಿ ಒಂದು ಕಾಲಾಳು ಡಿವಿಷನ್ ಇತ್ತು. ಅದರ ನಂಬರು ಹೇಳುವುದಿಲ್ಲ. ಹೇಳಿದರೆ ಎಲ್ಲಿಂದಲಾದರೂ ಇಬ್ಬರು ಮುದುಕರು ಎದ್ದು ಬಂದು, ನದಿಯನ್ನು ಮೊದಲು ದಾಟಿದ್ದು ತಮ್ಮ ಕಂಪನಿಯೋ ಪಕ್ಕದ ಕಂಪನಿಯೋ ಅಂತ ಕೈ ಕೈ ಮಿಲಾಯಿಸುತ್ತಾರೆ. ಅದರ ತೋಳಪಟ್ಟಿಯ ಮೇಲೆ ಹಿಂಗಾಲೆತ್ತಿ ಒದೆಯುವ ಒಂದು ಹೇಸರಗತ್ತೆಯ ಚಿತ್ರ ಇದ್ದುದರಿಂದ ಎಲ್ಲರೂ ಹೇಸರಗತ್ತೆ ಡಿವಿಷನ್ ಅಂತಲೇ ಕರೆಯುತ್ತಿದ್ದರು. ಹದಿನಾಲ್ಕು ಸಾವಿರ ಜನ. ಅಷ್ಟೂ ಜನ ಬಂದೂಕು ಹಿಡಿದು ನುಗ್ಗುತ್ತಿದ್ದರು ಅಂತ ತಿಳಿಯಬೇಡಿ. ಅಡುಗೆ ಮಾಡುವವರಿದ್ದರು, ಟೈಪು ಹೊಡೆಯುವವರಿದ್ದರು, ಹಲ್ಲು ಕೀಳುವವರಿದ್ದರು, ಜನರಲ್ ಸಾಹೇಬರ ನಾಯಿಗೆ ಸ್ನಾನ ಮಾಡಿಸುವವನೂ ಒಬ್ಬನಿದ್ದ. ಆರ್ಲೋ ಪೆಟ್ರಿ ಬೋರ್ಡು ಬರೆಯುವವನು.

ಯುದ್ಧಕ್ಕೆ ಮುಂಚೆ ಆರ್ಲೋ ಒಹಾಯೋದಲ್ಲಿ ರೈತರ ಕೊಟ್ಟಿಗೆಗಳ ಗೋಡೆಯ ಮೇಲೆ ತಂಬಾಕಿನ ಜಾಹೀರಾತು ಬರೆಯುತ್ತಿದ್ದ. ಆಳೆತ್ತರದ ಅಕ್ಷರಗಳು, ಅರ್ಧ ಮೈಲಿಯಿಂದ ಓದಬಹುದು. ಸೈನ್ಯದವರು ಅವನಿಗೆ ಮೊದಲು ಬಂದೂಕು ಕೊಟ್ಟರು, ಅವನು ಗುರಿ ಇಟ್ಟದ್ದನ್ನು ನೋಡಿ ಅದನ್ನು ಕಿತ್ತುಕೊಂಡು ಕುಂಚ ಕೊಟ್ಟರು. ಸೈನ್ಯ ಮಾಡಿದ ಬುದ್ಧಿವಂತಿಕೆಯ ಕೆಲಸಗಳನ್ನು ಬೆರಳಲ್ಲಿ ಎಣಿಸಬಹುದು, ಇದು ಅದರಲ್ಲೊಂದು.

ಬೋರ್ಡಿನ ಮಹಿಮೆ ಏನು ಅಂದರೆ, ಒಂದು ಡಿವಿಷನ್ ಒಂದು ಊರು ಹಿಡಿದ ಕೂಡಲೇ ಊರ ಬಾಗಿಲಲ್ಲಿ ಬೋರ್ಡು ಏಳಬೇಕು: 'ಹೇಸರಗತ್ತೆ ಡಿವಿಷನ್ನಿನ ಕೃಪೆಯಿಂದ ನೀವೀಗ ಈ ಊರನ್ನು ಪ್ರವೇಶಿಸುತ್ತಿದ್ದೀರಿ.' ಜರ್ಮನ್ನರು ಓದಲಿ ಅಂತಲ್ಲ. ಹಿಂದಿನಿಂದ ಬರುವ ಪಕ್ಕದ ಡಿವಿಷನ್ನಿನವರು ಓದಿ ಹೊಟ್ಟೆ ಉರಿದುಕೊಳ್ಳಲಿ ಅಂತ. ಹಿಟ್ಲರನ ಮೇಲಿದ್ದ ಕೋಪಕ್ಕಿಂತ ಪಕ್ಕದ ಡಿವಿಷನ್ನಿನ ಮೇಲಿದ್ದ ಕೋಪ ಒಂದು ತೂಕ ಹೆಚ್ಚೇ ಇತ್ತು. ನಲವತ್ತೈದರ ಮಾರ್ಚಿನಲ್ಲಿ ಒಂದು ಸೇತುವೆಯ ಹತ್ತಿರ ಪಕ್ಕದವರು ಮೊದಲು ಬಂದು, 'ಹೇಸರಗತ್ತೆಗಳೇ, ನಿಧಾನವಾಗಿ ಬನ್ನಿ, ದಾರಿ ಗುಡಿಸಿಟ್ಟಿದ್ದೇವೆ' ಅಂತ ಬರೆದು ಹೋಗಿದ್ದರು. ಅದರ ಕೆಳಗೇ ನಮ್ಮ ಜನರಲ್ ಸಾಹೇಬರ ಜೀಪು ಹಾದುಹೋಗಬೇಕಾಯಿತು.

"ಮುಂದಿನ ಊರಲ್ಲಿ ನಮ್ಮ ಬೋರ್ಡು ಮೊದಲು ಏಳಬೇಕು. ಇಲ್ಲಾಂದ್ರೆ ಬೋರ್ಡಿನ ಬದಲು ಆ ಪೇಂಟರನ್ನೇ ನೇತು ಹಾಕಿ" ಅಂದರು ಜನರಲ್ಲು.

ಮುಂದಿನ ಊರು ಕ್ರೋಟೆನ್‌ಬಾಕ್. ಏಪ್ರಿಲ್ ತಿಂಗಳು. ಕರ್ನಲ್ ಹಾರ್ಲನ್ ಸ್ಟ್ರೀಟರ್ ಎಂಬಾತನ ಬೆಟಾಲಿಯನ್ ಬೆಳಗಿನ ಐದಕ್ಕೆ ಹೊರಟು ಊರು ಹಿಡಿಯಬೇಕು, ಅದರ ಬೆನ್ನಿಗೇ ಆರ್ಲೋ ಹೋಗಿ ಬೋರ್ಡು ಹೊಡೆಯಬೇಕು ಅಂತ ಹುಕುಂ ಆಯಿತು. ಜೀಪು ಓಡಿಸಲು ಕ್ಲೆಟಸ್ ಡೂಲಿ. ಪಶ್ಚಿಮ ವರ್ಜೀನಿಯಾದ ಬೆಟ್ಟದ ಕಡೆಯವನು, ಆರ್ಲೋನ ಪರಮ ಸ್ನೇಹಿತ. ಮಾತು ನಿಧಾನ, ನಡಿಗೆ ಇನ್ನೂ ನಿಧಾನ, ಆರ್ಲೋ ಬರೆದ ಪ್ರತಿಯೊಂದು ಬೋರ್ಡಿನಲ್ಲೂ ಏನಾದರೊಂದು ಕೊಂಕು ತೆಗೆಯದೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ಇಬ್ಬರೂ ಆರು ಗಂಟೆಗೆ ಊರ ಹೊರಗಿನ ಕವಲುದಾರಿಗೆ ಬಂದರು. ಬೆಟಾಲಿಯನ್ನಿನ ಒಬ್ಬ ನರಪಿಳ್ಳೆಯೂ ಇಲ್ಲ. ಐದಕ್ಕೇ ಹೊರಟವರು ಇಷ್ಟು ಹೊತ್ತಿಗೆ ಊರೊಳಗೆ ಇರುತ್ತಾರೆ ಅಂತ ಇಬ್ಬರೂ ಮುಂದೆ ಹೋದರು. ನಿಜ ಏನೆಂದರೆ ಬೆಟಾಲಿಯನ್ ಇನ್ನೂ ಗುಡ್ಡದ ಹಿಂದೆ ತಟ್ಟೆ ಹಿಡಿದುಕೊಂಡು ಕೂತಿತ್ತು. ಅಡುಗೆ ಲಾರಿ ಬಂದಿರಲಿಲ್ಲ. ಬಿಸಿ ತಿಂಡಿ ತಿನ್ನದೆ ತನ್ನ ಹುಡುಗರು ಯುದ್ಧ ಮಾಡುವುದಿಲ್ಲ ಎಂಬುದು ಕರ್ನಲ್ ಸ್ಟ್ರೀಟರನ ವ್ರತ.

ಕ್ರೋಟೆನ್‌ಬಾಕಿನಲ್ಲಿ ಕಿಟಕಿ ಕಿಟಕಿಗೂ ಬಿಳಿ ಬಟ್ಟೆ ಕಟ್ಟಿದ್ದರು. ಒಂದು ಕೋಳಿ ರಸ್ತೆ ದಾಟಿತು.

"ಕರ್ನಲ್ ಸಾಹೇಬ್ರು ಊರು ಹಿಡಿದು, ಗುಡಿಸಿ, ಸಾರಿಸಿ ಹೋಗವ್ರೆ ಕಣ್ಲಾ. ಒಂದು ಗಾಜೂ ಒಡ್ದಿಲ್ಲ" ಅಂದ ಡೂಲಿ.

"ಅಷ್ಟು ಚೊಕ್ಕಟವಾಗಿ ಅವರು ತಟ್ಟೆ ಕೂಡ ತೊಳೆಯಲ್ಲ, ಬಿಡು" ಅಂದ ಆರ್ಲೋ. ಅಂದನೇ ಹೊರತು, ಅದರ ಅರ್ಥ ಏನು ಅಂತ ಯೋಚಿಸಲಿಲ್ಲ. ಜನರಲ್ ಸಾಹೇಬರ ಮಾತೇ ತಲೆಯಲ್ಲಿ ಕುಟ್ಟುತ್ತಿತ್ತು. ಏಣಿ ಇಳಿಸಿ ಊರ ಬಾಗಿಲ ಕಂಬಕ್ಕೆ ಆನಿಸಿ ಮೇಲೆ ಹತ್ತಿದ. ನಾಲ್ಕನೇ ಮೊಳೆ ಹೊಡೆಯುವಾಗ ಹಿಟ್ಟಿನ ಗಿರಣಿಯ ಕಡೆಯಿಂದ ಒಂದೇ ಒಂದು ಗುಂಡು ಬಂತು. ಹಿಂದೆ ಉಳಿದಿದ್ದ ಯಾವನೋ ಒಬ್ಬ ಜರ್ಮನ್ ಸಿಪಾಯಿ ಹೊಡೆದು, ಸೈಕಲ್ಲು ಹತ್ತಿ ಓಡಿಹೋದ. ಆರ್ಲೋ ಏಣಿ ಇಳಿದು ಬರುವಷ್ಟರಲ್ಲಿ ಡೂಲಿಯ ಕಥೆ ಮುಗಿದಿತ್ತು.

ಆರ್ಲೋ ಹೆಣವನ್ನು ಜೀಪಿಗೆ ಹಾಕಿಕೊಂಡು ಹನ್ನೆರಡು ಮೈಲಿ ಹಿಂದಕ್ಕೆ, ತಮ್ಮ ಕಂಪನಿಗೆ ಬಂದ. ಅಲ್ಲಿ ಗುಮಾಸ್ತ ಸಾರ್ಜೆಂಟು ಬೆಳಗಿನ ವರದಿ ಬರೆಯುತ್ತ ಕೂತಿದ್ದ. ಸೈನ್ಯದಲ್ಲಿ ಬೆಳಗಿನ ವರದಿ ಅಂದರೆ ವೇದವಾಕ್ಯ. ಅದರಲ್ಲಿ ಇದ್ದಾನೆ ಅಂತಿದ್ದರೆ ಇದ್ದಾನೆ, ಇಲ್ಲ ಅಂತಿದ್ದರೆ ಎದುರಿಗೇ ನಿಂತು ಕೂಗಿಕೊಂಡರೂ ಇಲ್ಲ.

"ಶತ್ರುವಿನ ಗುಂಡಿಗೆ ಸತ್ತ ಅಂತ ಬರೆಯೋಕಾಗಲ್ಲ ಕಣಯ್ಯಾ. ನಮ್ಮ ಕಂಪನಿ ಇವತ್ತು ಯುದ್ಧದಲ್ಲಿ ಇಲ್ಲ. ಇಲ್ಲದ ಯುದ್ಧದಲ್ಲಿ ಹೇಗೆ ಸಾಯ್ತಾನೆ?"

"ಎದೇಲಿ ತೂತಿದೆ, ಕಣ್ಣು ಕಾಣಲ್ವಾ?"

"ಕಾಣತ್ತೆ. ಜೀಪಲ್ಲಿ ತಾನೇ ಬಂದಿದ್ದು? ವಾಹನ ಅಪಘಾತ." ಸಾರ್ಜೆಂಟು ಟೈಪು ಹೊಡೆದೇ ಬಿಟ್ಟ.

ಆಗ ಆರ್ಲೋ ಜಗಳ ಆಡಬೇಕಿತ್ತು, ಆಡಲಿಲ್ಲ. ಬೆಟಾಲಿಯನ್ನನ್ನು ಬಿಟ್ಟು ಮುಂದೆ ಹೋದ ತಪ್ಪು ತನ್ನ ತಲೆಗೆ ಬರುತ್ತದೆ ಅಂತ ಹೆದರಿದ. ಈ ಹೆದರಿಕೆಗೆ ಆಮೇಲೆ ಅವನು ಎಷ್ಟು ಹೆಸರಿಟ್ಟು ನೋಡಿದರೂ ಅದು ಹೆದರಿಕೆಯೇ.

ಅತ್ತ ಕರ್ನಲ್ ಸ್ಟ್ರೀಟರ್ ತಿಂಡಿ ಮುಗಿಸಿ ಒಂಬತ್ತಕ್ಕೆ ಹೊರಟು, ಒಂದು ಬರಿಗುಡ್ಡದ ಮೇಲೆ ಇಪ್ಪತ್ತು ನಿಮಿಷ ಫಿರಂಗಿ ಹೊಡೆಸಿ, ಊರೊಳಗೆ ಹೋದ. ಊರಿನ ಮೇಯರು ಕೈಯಲ್ಲಿ ಕೇಕು ಹಿಡಿದು ಕಾಯುತ್ತಿದ್ದ. ಬಾಗಿಲಲ್ಲಿ ಬೋರ್ಡು ಆಗಲೇ ಇತ್ತು. ತಮ್ಮದೇ ಬೋರ್ಡಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಸಂಜೆಗೆ ಕರ್ನಲ್ಲು ಎರಡು ಪುಟದ ವರದಿ ಬರೆದ: ಮನೆ ಮನೆಯಲ್ಲೂ ಘೋರ ಕದನ, ಎರಡು ಗಂಟೆಗಳ ಕಾಲ.

ಯುದ್ಧ ಮುಗಿಯಿತು. ಡಿವಿಷನ್ನು ಬವೇರಿಯಾದ ಒಂದು ಸರೋವರದ ದಂಡೆಯಲ್ಲಿ ಬೀಡುಬಿಟ್ಟು, ಊರಿಗೆ ಹೋಗುವ ಹಡಗಿಗೆ ಕಾಯುತ್ತ, ಕೈಯಲ್ಲಿ ಕೆಲಸವಿಲ್ಲದೆ ತನ್ನ ಇತಿಹಾಸ ಬರೆಯಲು ಕೂತಿತು. ಎಲ್ಲ ಡಿವಿಷನ್ನುಗಳೂ ಬರೆಸುತ್ತಿದ್ದವು, ಇವರು ಬಿಡುತ್ತಾರೆಯೇ? ಬರೆಯುವ ಹೊಣೆ ಲೆಫ್ಟಿನೆಂಟ್ ವೆಂಡೆಲ್ ಕ್ರಾಫನದು. ಅವನು ಹಿಂದೆ ಸಾಬೂನಿನ ಜಾಹೀರಾತಿಗೆ ಮಾತು ಹೊಸೆಯುತ್ತಿದ್ದವನು. ಚಿತ್ರ, ಅಲಂಕಾರದ ಅಕ್ಷರ ಎಲ್ಲ ಆರ್ಲೋನದು. ಒಬ್ಬ ಸಾಬೂನು, ಒಬ್ಬ ತಂಬಾಕು; ಇತಿಹಾಸಕ್ಕೆ ಇನ್ನೇನು ಬೇಕು?

ಹೋಟೆಲೊಂದರ ಮಹಡಿಯಲ್ಲಿ ಅವರ ಆಫೀಸು. ದಿನವೂ ಮೆಟ್ಟಿಲ ಮೇಲೆ ಜನ. ಮೊದಲನೇ ರೆಜಿಮೆಂಟಿಗೆ ನಲವತ್ತು ಪುಟ ಕೊಟ್ಟರೆ ಎರಡನೆಯದಕ್ಕೆ ನಲವತ್ತೊಂದು ಬೇಕು. ಹಲ್ಲಿನ ಡಾಕ್ಟರುಗಳು ತಮಗೂ ಒಂದು ಅಧ್ಯಾಯ ಕೇಳಿದರು. ಜನರಲ್ ಸಾಹೇಬರ ಹನ್ನೊಂದು ಫೋಟೋ, ನಾಯಿಯದು ಎರಡು. ಯಾರೂ ಬೇರೆಯವರ ಪುಟ ಓದುವುದಿಲ್ಲ ಅಂತ ಕ್ರಾಫನಿಗೆ ಮೊದಲ ವಾರದಲ್ಲೇ ಗೊತ್ತಾಯಿತು. ಅಲ್ಲಿಂದ ಅವನು ಕೇಳಿದವರಿಗೆಲ್ಲ ಕೇಳಿದ್ದನ್ನು ಬರೆದುಕೊಟ್ಟ, ಎಲ್ಲರೂ ಅವನನ್ನು ಮೇಧಾವಿ ಅಂದರು.

ಕಡೆಯಲ್ಲಿ ಸತ್ತವರ ಪಟ್ಟಿ. ಅದನ್ನು ಆರ್ಲೋ ಕೈಯಾರೆ ಬರೆಯುತ್ತಿದ್ದ, ಒಂದೊಂದು ಹೆಸರನ್ನೂ ಒಂದೇ ಅಳತೆಗೆ. ಡಿ ಅಕ್ಷರಕ್ಕೆ ಬಂದಾಗ ಡೂಲಿಯ ಹೆಸರಿರಲಿಲ್ಲ. ಅಪಘಾತದವರಿಗೆ ಪಟ್ಟಿಯಲ್ಲಿ ಜಾಗವಿಲ್ಲವಂತೆ. ಆರ್ಲೋ ಕುಂಚ ಕೆಳಗಿಟ್ಟ. ಅವನಿಗೆ ಕೋಪ ಬಂತು, ಅದರಲ್ಲಿ ಮುಕ್ಕಾಲು ತನ್ನ ಮೇಲೆಯೇ. ಅಲ್ಲೇ ನಿಂತ ಮೆಟ್ಟಿನಲ್ಲಿ ಕ್ರಾಫನಿಗೆ ಎಲ್ಲವನ್ನೂ ಹೇಳಿದ.

ಕ್ರಾಫ್ ಮೊದಲು ಬಿದ್ದು ಬಿದ್ದು ನಕ್ಕ. ಆಮೇಲೆ ಎದ್ದು ಬಾಗಿಲು ಹಾಕಿದ.

"ಇದನ್ನ ಬರೆದ್ರೆ ಏನಾಗತ್ತೆ ಗೊತ್ತಾ? ಕ್ರೋಟೆನ್‌ಬಾಕನ್ನ ಹಿಡಿದಿದ್ದು ಕರ್ನಲ್ಲಲ್ಲ, ಒಂದು ಏಣಿ ಅಂತಾಗತ್ತೆ. ವಿಚಾರಣೆ ಮಾಡ್ತಾರೆ. ನೀನು ಹಡಗು ಬಿಟ್ಟು ಚಳಿಗಾಲವೆಲ್ಲ ಇಲ್ಲೇ ಕೊಳೀತೀಯ."

"ಕೊಳೀತೀನಿ. ಅವನ ಹೆಸರು ಬರಬೇಕು."

"ಬರೋಲ್ಲ ಮಾರಾಯಾ. ನೀನೂ ಕೊಳೀತೀಯ, ಹೆಸರೂ ಬರೋಲ್ಲ."

ಅದು ಅಲ್ಲಿಗೇ ನಿಲ್ಲುತ್ತಿತ್ತೇನೋ. ಆದರೆ ಅದೇ ವಾರ ಕರ್ನಲ್ ಸ್ಟ್ರೀಟರನ ಬೆಳ್ಳಿ ನಕ್ಷತ್ರ ಪದಕದ ಕಾಗದ ಮೇಲಿನ ಕಚೇರಿಯಿಂದ ವಾಪಸು ಬಂತು. ಮೂಲೆಯಲ್ಲಿ ಯಾರೋ ಪೆನ್ಸಿಲಿನಲ್ಲಿ ಕೇಳಿದ್ದರು: ಎರಡು ಗಂಟೆ ಘೋರ ಕದನ ಆಗಿದ್ದರೆ ಸತ್ತವರು ಎಷ್ಟು? ಕರ್ನಲ್ಲು ದಾಖಲೆ ತಡಕಾಡಿದ. ಆವತ್ತು ಅವನ ಬೆಟಾಲಿಯನ್ನಿನಲ್ಲಿ ಒಬ್ಬನಿಗೆ ಕಾಲು ಉಳುಕಿತ್ತು, ಒಬ್ಬನಿಗೆ ಕೇಕು ತಿಂದು ಹೊಟ್ಟೆ ಕೆಟ್ಟಿತ್ತು. ಕರ್ನಲ್ಲಿನ ಪೆಚ್ಚುಮೋರೆ ನೋಡಿ ಕ್ರಾಫ್ ಅವನ ಕಿವಿಯಲ್ಲಿ ಒಂದು ಮಾತು ಹಾಕಿದ. ಮಾರನೇ ದಿನ ಬೆಳಿಗ್ಗೆ ಆರ್ಲೋಗೆ ಕರೆ ಬಂತು.

"ಪೆಟ್ರಿ, ನಿನ್ನ ಹತ್ರ ಒಬ್ಬ ಸತ್ತವನಿದ್ದಾನಂತೆ" ಅಂದ ಕರ್ನಲ್ಲು.

"ಇದ್ದಾನೆ ಸಾರ್."

"ಅವನಿಗೆ ಯುದ್ಧ ಇಲ್ಲ."

"ಇಲ್ಲ ಸಾರ್."

"ನನ್ನ ಹತ್ರ ಯುದ್ಧ ಇದೆ. ಸತ್ತವನಿಲ್ಲ." ಕರ್ನಲ್ಲು ಸಿಗರೇಟು ಚಾಚಿದ. "ಒಳ್ಳೇ ಹುಡುಗನಾ?"

"ಬಹಳ ಒಳ್ಳೆಯವನು ಸಾರ್."

"ಮನೆ ಕಡೆ ಹೇಗೆ?"

"ತಾಯಿ ಒಬ್ಬಳೇ ಸಾರ್. ಗಂಡ ಗಣಿಯಲ್ಲಿ ಸತ್ತ. ಇವನೊಬ್ಬನೇ ಮಗ."

ಗಂಡು ಹೆಣ್ಣಿನ ಕಡೆಯವರು ಸಂಬಂಧ ಕುದುರಿಸುವ ಹಾಗೆ ಮಾತು ನಡೆಯಿತು. ಆ ದಿನ ಡೂಲಿ ಬೆಟಾಲಿಯನ್ನಿನ ಜೊತೆ ಇದ್ದ, ಕರ್ನಲ್ಲಿನ ದಾಳಿಯಲ್ಲಿ ಸತ್ತ, ಬೆಳಗಿನ ವರದಿ ತಪ್ಪಾಗಿತ್ತು ಅಂತ ಆರ್ಲೋ ಸಾಕ್ಷಿ ಬರೆದುಕೊಡಬೇಕು. ಡೂಲಿಗೆ ಪಟ್ಟಿಯಲ್ಲಿ ಹೆಸರು, ತಾಯಿಗೆ ಶತ್ರುವಿನ ಕೈಲಿ ಸತ್ತವರ ಮನೆಗೆ ಕಳಿಸುವ ಪರ್ಪಲ್ ಹಾರ್ಟ್ ಪದಕ. ಕರ್ನಲ್ಲಿಗೆ ನಕ್ಷತ್ರ. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಅಂತಾರಲ್ಲ, ಇಲ್ಲಿ ಎಲ್ಲರಿಗೂ ಊಟ ಇತ್ತು. ಆರ್ಲೋ ಸಹಿ ಹಾಕಿದ. ಡೂಲಿ ಶತ್ರುವಿನ ಗುಂಡಿಗೇ ಸತ್ತವನು, ಅದಂತೂ ಸುಳ್ಳಲ್ಲ. ಉಳಿದದ್ದು ಬರೀ ಕಾಗದ ಅಂತ ಮನಸ್ಸಿಗೆ ಹೇಳಿಕೊಂಡ.

ಕ್ರಾಫನ ಕೈ ಸುಮ್ಮನಿರಬೇಕಲ್ಲ. ಸಾಬೂನು ಮಾರಿದ ಕೈ. '"ಬನ್ನಿ ಹುಡುಗರಾ, ನನ್ನ ಹಿಂದೆ!" ಎಂದು ಗರ್ಜಿಸುತ್ತಾ ಗುಂಡಿನ ಮಳೆಯಲ್ಲಿ ಚಿಗರೆಯಂತೆ ಓಡಿದ ವೀರ ಕ್ಲೆಟಸ್ ಡೂಲಿ' ಅಂತ ಅರ್ಧ ಪುಟ ಹೊಸೆದ.

"ಸ್ವಲ್ಪ ಜಾಸ್ತಿ ಆಯ್ತು ಅನ್ಸಲ್ವಾ ಸಾರ್?" ಅಂದ ಆರ್ಲೋ.

"ತಾಯಿ ಓದೋದು ಕಣೋ. ಜಿಪುಣತನ ಮಾಡಬೇಡ."

ಆರ್ಲೋಗೂ ಹೌದೆನ್ನಿಸಿತು. ಪಟ್ಟಿಯಲ್ಲಿ ಡೂಲಿಯ ಹೆಸರನ್ನು ಬರೆದು, ಒಣಗುವವರೆಗೆ ಪಕ್ಕದಲ್ಲೇ ಕೂತಿದ್ದ. ಆ ದಿನ ಅವನಿಗೆ ನಿಜಕ್ಕೂ ನೆಮ್ಮದಿಯಾಗಿತ್ತು.

ಊರಿಗೆ ಬಂದ ಮೇಲೆ ಮತ್ತೆ ಕೊಟ್ಟಿಗೆ ಗೋಡೆ, ಮತ್ತೆ ತಂಬಾಕು. ನಲವತ್ತೇಳರ ಶುರುವಿನಲ್ಲಿ ಪುಸ್ತಕ ಅಚ್ಚಾಗಿ ಅಂಚೆಯಲ್ಲಿ ಬಂತು, ಇಟ್ಟಿಗೆಯಷ್ಟು ದಪ್ಪ. ಎಲ್ಲರಂತೆ ಆರ್ಲೋ ಕೂಡ ತನ್ನ ಹೆಸರು ಹುಡುಕಿದ, ಡೂಲಿಯ ಹೆಸರು ಹುಡುಕಿದ, ಕಪಾಟಿನಲ್ಲಿಟ್ಟ. ಏಪ್ರಿಲ್ಲಿನಲ್ಲಿ ಒಂದು ಕಾಗದ ಬಂತು. ಪುಸ್ತಕದ ಹಿಂದೆ ಎಲ್ಲರ ವಿಳಾಸ ಅಚ್ಚು ಹಾಕಿದ್ದರಲ್ಲ, ಅದನ್ನು ನೋಡಿ ಬರೆದದ್ದು. ಬರೆದವಳು ಓಪಲ್ ಡೂಲಿ, ಕ್ಲೆಟಸನ ತಾಯಿ.

'ಅಪ್ಪಾ ಆರ್ಲೋ, ನಮ್ಮ ಕ್ಲೆಟಸ್ ಕಾಗದದಲ್ಲೆಲ್ಲ ನಿನ್ನ ಹೆಸರು ಬರೀತಿದ್ದ. ಅದಕ್ಕೇ ನಿಂಗೆ ಬರೀತಿದೀನಿ. ಮೊದ್ಲು ಬಂದ ತಂತಿಯಲ್ಲಿ ಗಾಡಿ ಬಿದ್ದು ಸತ್ತ ಅಂದ್ರು. ನಂಬಿದೆ, ಅತ್ತೆ. ಹೋದ ವರ್ಷ ಪದಕ ಕಳಿಸಿ, ಅಲ್ಲ, ಯುದ್ಧದಲ್ಲಿ ಸತ್ತ ಅಂದ್ರು. ಆಗ್ಲೇ ನಂಗೆ ಅನುಮಾನ ಬಂತು, ಇದು ಬೇರೆ ಯಾರ್ದೋ ಪದಕ ಅಂತ. ಈಗ ಪುಸ್ತಕ ಬಂತು. ಅದ್ರಲ್ಲಿ ಚಿಗರೆ ಹಂಗೆ ಓಡಿದ ಅಂತೈತೆ. ನನ್ನ ಮಗಂದು ಚಪ್ಪಟೆ ಪಾದ. ಗೂಳಿ ಅಟ್ಟಿಸ್ಕೊಂಡು ಬಂದಾಗಲೂ ಓಡ್ದೋನಲ್ಲ. ಗರ್ಜಿಸಿದ ಅಂತೈತೆ. ಹುಟ್ಟಿದಾಗಿಂದ ಒಂದಿನ ಗಂಟ್ಲು ಎತ್ತಿದವನಲ್ಲ. ಇವ್ರು ಯಾರೋ ಇಬ್ಬರನ್ನ ಅದಲು ಬದಲು ಮಾಡವ್ರೆ. ಅಂದ್ರೆ ನಮ್ಮೋನು ಬದುಕವ್ನೆ. ಏಟು ಬಿದ್ದು ಯಾವುದೋ ಆಸ್ಪತ್ರೇಲಿ ಹೆಸ್ರು ಮರ್ತು ಮಲಗವ್ನೆ. ವಾಷಿಂಗ್ಟನ್ನಿಗೆ ಆರು ಕಾಗದ ಬರ್ದೆ, ಉತ್ರ ಇಲ್ಲ. ನೀನು ಕಂಡಿದ್ರೆ ಹೇಳಪ್ಪಾ.'

ಆರ್ಲೋ ಕಾಗದವನ್ನು ಮೂರು ಸಲ ಓದಿದ. ಮಾರನೇ ದಿನದ ಬಸ್ಸು ಹಿಡಿದು ನದಿ ದಾಟಿ ಬೆಟ್ಟದ ಕಡೆ ಹೊರಟ. ದಾರಿಯುದ್ದಕ್ಕೂ ಇನ್ನೊಂದು ಸುಳ್ಳು ಅವನ ನಾಲಿಗೆಯ ತುದಿಯಲ್ಲೇ ಕುಣಿಯುತ್ತಿತ್ತು: 'ಹೌದಮ್ಮ, ಏನೋ ಗೊಂದಲ ಆಗಿದೆ, ನಾನೂ ವಿಚಾರಿಸ್ತೀನಿ.' ಇಷ್ಟು ಹೇಳಿ, ಕಾಫಿ ಕುಡಿದು, ಸಂಜೆಯ ಬಸ್ಸಿಗೆ ವಾಪಸು ಬರಬಹುದು. ಮುದುಕಿ ಸಾಯುವವರೆಗೂ ಕಾಯುತ್ತ ಸುಖವಾಗಿರುತ್ತಾಳೆ. ಇದು ಸುಖವೇ ಅಂತ ಯೋಚಿಸುತ್ತಿರುವಾಗಲೇ ಊರು ಬಂತು.

ಓಪಲ್ ಡೂಲಿ ಜಗುಲಿಯ ಮೇಲೆ ಕೂತು ಬಿತ್ತನೆಯ ಆಲೂಗೆಡ್ಡೆ ಹೆಚ್ಚುತ್ತಿದ್ದಳು, ಒಂದೊಂದು ಹೋಳಿಗೂ ಒಂದೊಂದು ಮೊಳಕೆ ಬರುವ ಹಾಗೆ. ತೆಳ್ಳಗಿನ, ಗಟ್ಟಿ ಹೆಂಗಸು.

"ಬೋರ್ಡಿನೋನು ನೀನೇ ಏನಪ್ಪಾ? ಬಾ, ಕೂತ್ಕೋ. ಎಲ್ಲವ್ನೆ ಅವ್ನು?"

ಆರ್ಲೋ ಟೋಪಿ ತೆಗೆದ. ಅವಳೇ ಮಾತು ಮುಂದುವರಿಸಿದಳು.

"ಅವ್ನ ಅಂಗಿ ಎಲ್ಲಾ ಒಗ್ದು ಇಟ್ಟಿವ್ನಿ. ಪದ್ಕ ಅಲ್ಲಿ ಶೆಲ್ಪಿನ ಮ್ಯಾಲೈತೆ, ನಾ ಮುಟ್ಟಿಲ್ಲ. ಅದು ಆ ಇನ್ನೊಬ್ಬನ್ದು. ಓಡ್ದೋನ್ದು. ಅವ್ನ ತಾಯಿ ಯಾರೋ, ಎಲ್ಲೋ, ಪಾಪ. ಅವ್ಳಿಗೆ ಮಗ ಸತ್ತಿದ್ದೇ ಗೊತ್ತಿಲ್ದೆ ದಾರಿ ನೋಡ್ತಾ ಇರ್ತಾಳೆ. ವಿಳಾಸ ಸಿಕ್ಕಿದ್ರೆ ನಾನೇ ಹೋಗಿ ಕೊಟ್ಟು ಬತ್ತೀನಿ. ಅಂಚೇಲಿ ಕಳ್ಸೋ ಸಾಮಾನಲ್ಲ ಅದು."

ನಾಲಿಗೆಯ ತುದಿಯ ಸುಳ್ಳು ಅಲ್ಲೇ ಒಣಗಿಹೋಯಿತು. ಆರ್ಲೋ ಜಗುಲಿಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದ. ಜನರಲ್ ಸಾಹೇಬರ ಹೊಟ್ಟೆಕಿಚ್ಚು, ತಿಂಡಿಗೆ ಕಾದ ಬೆಟಾಲಿಯನ್ನು, ಕೋಳಿ, ಏಣಿ, ಗುಮಾಸ್ತ, ಕರ್ನಲ್ಲು, ತಾನು ಹಾಕಿದ ಸಹಿ, ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ತನಗೇ ನಾಚಿಕೆಯಾಗಿ ಕತ್ತು ಬಗ್ಗಿಸಿದ. ಅವಳ ಚಾಕು ಮಾತ್ರ ನಿಲ್ಲಲಿಲ್ಲ.

"ಓಡಿದ್ನಾ?" ಅಂತ ಕೇಳಿದಳು.

"ಇಲ್ಲಮ್ಮ. ಏಣಿ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತಿದ್ದ. ಒಂದು ಕಣ್ಣು ಮುಚ್ಚಿ ಬೋರ್ಡು ನೋಡ್ತಿದ್ದ."

ಚಾಕು ನಿಂತಿತು. "ಯಾವ್ ಕಣ್ಣು?"

"ಎಡಗಣ್ಣು. 'ಬಲಗಡೆ ಒಂಚೂರು ಇಳಿದೈತೆ ಕಣ್ಲಾ' ಅಂದ. ಅಷ್ಟೇ ಅಂದಿದ್ದು."

ಓಪಲ್ ಚಾಕು ಕೆಳಗಿಟ್ಟಳು.

"ಇಳಿದಿತ್ತಾ?"

"ಇಳಿದಿತ್ತಮ್ಮ."

"ನಾನು ಕೇಕು ಮಾಡಿದ್ರೂ ಹಂಗೇ ನಿಂತು ನೋಡೋನು" ಅಂದಳು. "ಅಲ್ಲ, ಇಷ್ಟು ಹೇಳಾಕೆ ನಿಂಗೆ ಎರಡು ವರ್ಸ ಬೇಕಾಯ್ತಾ? ನಿನ್ನ ಕೈಗೆ ಕುಂಚ ಕೊಟ್ಟೋರಿಗೆ ಬೆಂಕಿ ಬೀಳ."

ಆರ್ಲೋ ಬೈಗುಳಕ್ಕೆ ತಲೆಯೊಡ್ಡಿದ. ಇನ್ನೂ ನಾಲ್ಕು ಬೈದರೆ ಸಾಕಾಗಿತ್ತು ಅನ್ನಿಸಿತು. ಆದರೆ ಅವಳು ಎದ್ದು ಕೈ ಒರೆಸಿಕೊಂಡು ಒಳಗೆ ಹೋದಳು. ಶೆಲ್ಫಿನ ಮೇಲಿದ್ದ ಪೆಟ್ಟಿಗೆ ತಂದು, ಮೆಟ್ಟಿಲ ಮೇಲೆ ಅವನ ಪಕ್ಕದಲ್ಲೇ ಕೂತು, ಮುಚ್ಚಳ ತೆಗೆದಳು. ಪದಕದ ಹಿಂದೆ ಕೊರೆದಿದ್ದ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದಳು, ಒಂದೊಂದೇ ಅಕ್ಷರ.

"ಒಂದು ವರ್ಸದಿಂದ ಭಾನುವಾರ ಭಾನುವಾರ ಚರ್ಚಿನಲ್ಲಿ ಮಂಡಿಯೂರಿ ಬೇಡ್ಕಂಡಿವ್ನಿ ಕಣಪ್ಪಾ, ಆ ಇನ್ನೊಬ್ಬ ತಾಯಿಗೋಸ್ಕರ" ಅಂದಳು. "ಅವ್ಳಿಗೆ ಯಾರಾದ್ರೂ ಹೋಗಿ ಮೆಲ್ಲಗೆ ಹೇಳ್ಲಿ, ಹೇಳುವಾಗ ಅವ್ಳು ಒಬ್ಳೇ ಇರ್ದೆ ಇರ್ಲಿ ಅಂತ."

ಆರ್ಲೋ ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.